ಹೂತಿಟ್ಟ ಪ್ಲಿಮತ್, ಓಡಿಸಿ ಸವೆಸಿದ ಡಾಡ್ಜ್

ಆಗಸ್ಟ್ ಬಂದರೆ ಡೆಟ್ರಾಯ್ಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ. ಹಳೇ ಕಾರನ್ನು ಮುಚ್ಚಿಡಬೇಕೋ, ಓಡಿಸಬೇಕೋ? ಅಮೆರಿಕದ ಕಾರುಪ್ರೇಮಿಗಳ ಈ ಮುಗಿಯದ ಜಗಳಕ್ಕೆ ಎರಡು ಕಾರುಗಳು ಎಂದೋ ತೀರ್ಪು ಕೊಟ್ಟಾಗಿದೆ!

ಬೆಳಿಗ್ಗೆ ಏಳಕ್ಕೆಲ್ಲ ರಸ್ತೆಬದಿಯ ಹುಲ್ಲಿನ ಮೇಲೆ ಮಡಚುವ ಕುರ್ಚಿಗಳ ಸಾಲು. ತಂಪು ಪೆಟ್ಟಿಗೆ, ಕೊಡೆ, ಟೋಪಿ ಹಾಕಿಕೊಂಡ ಮೊಮ್ಮಕ್ಕಳು. ಮೊದಲು ಬರುವುದು ಶಬ್ದ, ಆಮೇಲೆ ಕಾರು. ಎಂಟು ಸಿಲಿಂಡರಿನ ಎಂಜಿನ್ ಸಿಗ್ನಲ್‌ನಲ್ಲಿ ನಿಂತಲ್ಲೇ ಗುಡುಗಿದರೆ ಕುರ್ಚಿಯ ಕಾಲು ಅದುರುತ್ತದೆ. ಹಿಂದೆಯೇ ಅರೆಬೆಂದ ಪೆಟ್ರೋಲಿನ ವಾಸನೆ.

ತಿರುವಿನಾಚೆ ಇರುವ ಕಾರಿನ ಸದ್ದು ಕೇಳಿಯೇ ಅಜ್ಜನೊಬ್ಬ ಹೆಸರು ಹೇಳಿಬಿಡುತ್ತಾನೆ: ಪಾಂಟಿಯಾಕ್. ಪಕ್ಕದ ಕುರ್ಚಿಯವನು ಒಪ್ಪುವುದಿಲ್ಲ. ಕಾರು ಕಣ್ಣೆದುರು ಬಂದ ಮೇಲೂ ಜಗಳ ನಿಲ್ಲುವುದಿಲ್ಲ, ವಿಷಯ ಬದಲಾಗುತ್ತದೆ ಅಷ್ಟೆ. ಪಾಂಟಿಯಾಕ್ ಹೌದು, ಆದರೆ ಒಳಗಿನ ಎಂಜಿನ್ ಅದರದ್ದೇನಾ?

ಆಗಸ್ಟ್ ತಿಂಗಳ ಮೂರನೇ ಶನಿವಾರ ನಡೆಯುವ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂದರೆ ಇದೇ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಪಟ್ಟಣದವರೆಗೆ ಉದ್ದಕ್ಕೂ ಹಳೇ ಕಾರುಗಳು ಆಮೆ ವೇಗದಲ್ಲಿ ಹೋಗುತ್ತವೆ, ತಿರುಗಿ ಬರುತ್ತವೆ. ಬಹುಮಾನವಿಲ್ಲ, ಗೆಲ್ಲುವವರಿಲ್ಲ. ಇದು 1995ರಲ್ಲಿ ಶುರುವಾಗಿದ್ದು ಫರ್ನ್‌ಡೇಲ್‌ನ ಮಕ್ಕಳಿಗೆ ಸಾಕರ್ ಮೈದಾನ ಮಾಡಲು ದುಡ್ಡು ಒಟ್ಟುಮಾಡುವುದಕ್ಕೆ. ಕೆಲವು ಸಾವಿರ ಜನ ಬಂದಾರು ಅಂದುಕೊಂಡಿದ್ದ ಸಂಘಟಕರ ಮುಂದೆ ಎರಡೂವರೆ ಲಕ್ಷ ಜನ ನಿಂತಿದ್ದರು. ಈಗ 10 ಲಕ್ಷ ಮೀರಿ ಜನ, ಹತ್ತಾರು ಸಾವಿರ ಕಾರುಗಳು.

ಅಮೆರಿಕದ ಯಾವ ಊರಲ್ಲಾದರೂ ಇದು ನಡೆಯಬಹುದಿತ್ತು. ಆದರೆ ವುಡ್‌ವರ್ಡ್‌ಗೆ ಇರುವ ಜಾತಕ ಬೇರೆ ರಸ್ತೆಗಳಿಗಿಲ್ಲ. ದೇಶದ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಸಿದ್ದು 1909ರಲ್ಲಿ, ಇಲ್ಲೇ, ಸಿಕ್ಸ್ ಮೈಲ್ ಮತ್ತು ಸೆವೆನ್ ಮೈಲ್ ರಸ್ತೆಗಳ ನಡುವೆ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲಿನ ಮೇಲೆ ಮಾಡೆಲ್ ಟಿ ಕಾರು ಕಟ್ಟಿಸಿದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಇರುವುದೂ ಈ ರಸ್ತೆಯ ಮಗ್ಗುಲಲ್ಲೇ.

ಹಸಿರು ದೀಪ ಬಿದ್ದರೆ ಓಟ

ಕುರ್ಚಿಯಲ್ಲಿ ಕೂತ ಎಪ್ಪತ್ತು ದಾಟಿದವರಿಗೆ ಈ ರಸ್ತೆ ಹೆದ್ದಾರಿಯಲ್ಲ, ಹರೆಯ. ಅರವತ್ತರ ದಶಕದಲ್ಲಿ ಶುಕ್ರವಾರ, ಶನಿವಾರ ರಾತ್ರಿ ಅವರೆಲ್ಲ ಇಲ್ಲಿದ್ದವರು. ಡ್ರೈವ್-ಇನ್ ಹೋಟೆಲುಗಳಲ್ಲಿ ಕಾರಿನ ಕಿಟಕಿಗೇ ಟ್ರೇ ಸಿಕ್ಕಿಸಿ ಹ್ಯಾಂಬರ್ಗರ್ ಕೊಡುತ್ತಿದ್ದ ಕಾಲ. ರಾಯಲ್ ಓಕ್‌ನ ಟೋಟೆಮ್ ಪೋಲ್, ಇನ್ನೂ ಮುಂದೆ ಹೋದರೆ ಟೆಡ್ಸ್. ಒಂದರಿಂದ ಇನ್ನೊಂದಕ್ಕೆ, ಮತ್ತೆ ವಾಪಸ್. ನಡುವೆ ಸಿಗ್ನಲ್‌ನಲ್ಲಿ ಪಕ್ಕ ಬಂದು ನಿಂತವನ ಕಡೆ ಒಂದು ನೋಟ. ಹಸಿರು ದೀಪ ಬಿದ್ದೊಡನೆ ಮುಂದಿನ ಸಿಗ್ನಲ್‌ವರೆಗೆ ರೇಸ್.

ಪೆಟ್ರೋಲ್ ಗ್ಯಾಲನ್ನಿಗೆ 30 ಸೆಂಟ್ ಆಸುಪಾಸು. ಕಾರ್ಖಾನೆಯಲ್ಲಿ ಅಪ್ಪನಿಗೆ ಕೆಲಸ, ಮಗನಿಗೂ ರಜೆಯಲ್ಲಿ ಅಲ್ಲೇ ಕೆಲಸ. ಪಕ್ಕದ ಲೇನಿನಲ್ಲಿ ರೇಸಿಗೆ ನಿಂತವನು ಕಾರು ಕಂಪನಿಯ ಎಂಜಿನಿಯರೇ ಆಗಿರಬಹುದು! ಹೊಸ ಎಂಜಿನ್ನಿನ ತಾಕತ್ತು ನೋಡಲು ಕಂಪನಿಗಳವರು ರಾತ್ರಿ ಹೊತ್ತು ವುಡ್‌ವರ್ಡ್‌ಗೇ ಬರುತ್ತಿದ್ದರು.

1964ರ ಪಾಂಟಿಯಾಕ್ ಜಿಟಿಒ ಹುಟ್ಟಿದ ಕಥೆಯೂ ಅದೇ ಗಾಳಿಯದು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಟ್ಟುಪಾಡು ಪಾಂಟಿಯಾಕ್‌ನ ಒಡೆಯ ಜನರಲ್ ಮೋಟರ್ಸ್‌ನಲ್ಲಿತ್ತು. ಆಗ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಹುಡುಗರು 389 ಘನ ಇಂಚಿನ ಎಂಜಿನ್ನನ್ನು ಟೆಂಪೆಸ್ಟ್ ಕಾರಿಗೆ ಹಾಕಿ, ಇದು ಹೊಸ ಕಾರಲ್ಲ, ಇದ್ದ ಮಾದರಿಗೇ ಬೇಕಾದವರು ಹಾಕಿಸಿಕೊಳ್ಳುವ ಹೆಚ್ಚುವರಿ ಸೌಕರ್ಯ ಅಂದರು. ಬೆಲೆ ಸುಮಾರು 295 ಡಾಲರ್. ಹೊಸ ಕಾರಾಗಿದ್ದರೆ ಮೇಲಿನವರ ಒಪ್ಪಿಗೆ ಬೇಕಿತ್ತು, ಸೌಕರ್ಯಕ್ಕೆ ಬೇಡ. ಐದು ಸಾವಿರ ಮಾರಿದರೆ ಸಾಕು ಅಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋದವು. ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಮಸಲ್ ಕಾರುಗಳ ಯುಗ ಶುರುವಾಗಿದ್ದು ಇಲ್ಲಿಂದ ಅನ್ನುವವರೇ ಹೆಚ್ಚು.

ಆ ಕಾರಿಗೆ ಹೆಸರು ತಂದದ್ದು 'ಕಾರ್ ಅಂಡ್ ಡ್ರೈವರ್' ಪತ್ರಿಕೆಯ 1964ರ ಮಾರ್ಚ್ ಸಂಚಿಕೆ. ಮುಖಪುಟದಲ್ಲಿ ಪಾಂಟಿಯಾಕ್ ಜಿಟಿಒಗೆ ಸಾಕ್ಷಾತ್ ಫೆರಾರಿಯ ಜಿಟಿಒ ಎದುರಾಳಿ. ಪಾಂಟಿಯಾಕ್ ಓಡಿದ ವೇಗದ ಅಂಕಿ ನೋಡಿ ದೇಶವೇ ಬೆರಗಾಯಿತು. ಮೂರು ದಶಕ ಕಳೆದ ಮೇಲೆ, ಆ ಕಾಲದ ಜಾಹೀರಾತು ಪರಿಣತ ಜಿಮ್ ವ್ಯಾಂಗರ್ಸ್ ಬಾಯಿಬಿಟ್ಟರು: ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ ಇದ್ದದ್ದು 389 ಅಲ್ಲ, ಸದ್ದಿಲ್ಲದೆ ಕೂರಿಸಿದ್ದ 421 ಘನ ಇಂಚಿನ ಎಂಜಿನ್!

ಇಷ್ಟು ಗೊತ್ತಾದ ಮೇಲೂ ಜಿಟಿಒ ಇಟ್ಟುಕೊಂಡವರ ಮುಂದೆ ಆ ಅಂಕಿ ತೆಗೆದು ನೋಡಿ. ನಮ್ಮದೂ ಅಷ್ಟೇ ಓಡುತ್ತಿತ್ತು ಅನ್ನುತ್ತಾರೆ. ಅರವತ್ತು ವರ್ಷದ ಹಿಂದಿನ ವೇಗಕ್ಕೆ ಸ್ಪೀಡೋಮೀಟರ್ ಎಲ್ಲಿಂದ ತರುವುದು?

ಬಟ್ಟೆ ಕ್ಲಿಪ್ಪಿನ ಪಂಗಡ

ಈ ಕಾರುಪ್ರೇಮಿಗಳ ಮಾತು ಕೇಳುವುದಾದರೆ ಬಾನೆಟ್ ತೆರೆದ ಕಾರಿನ ಸುತ್ತ ನಿಲ್ಲಬೇಕು.

ಅಲ್ಲಿ ಮೂರು ಪಂಗಡಗಳಿವೆ. ಕಾರ್ಖಾನೆಯಿಂದ ಬಂದ ಎಂಜಿನ್, ಗೇರ್‌ಬಾಕ್ಸ್ ಮೇಲಿನ ನಂಬರು ಬಾಡಿಯ ನಂಬರಿನೊಂದಿಗೆ ತಾಳೆಯಾಗಲೇಬೇಕು ಅನ್ನುವ 'ಮ್ಯಾಚಿಂಗ್ ನಂಬರ್ಸ್' ಮಡಿವಂತರು ಒಂದು ಕಡೆ. ಹಳೇ ಬಾಡಿಯೊಳಗೆ ಹೊಸ ಎಂಜಿನ್, ಡಿಸ್ಕ್ ಬ್ರೇಕ್, ಎ.ಸಿ. ಹಾಕಿಸಿ ಆರಾಮಾಗಿ ಓಡಿಸುವ 'ರೆಸ್ಟೊಮಾಡ್' ಮಂದಿ ಇನ್ನೊಂದು ಕಡೆ. ಬಣ್ಣ ಮಾಸಿದ್ದರೆ ಮಾಸಲಿ, ಸೀಟು ಹರಿದಿದ್ದರೆ ಹರಿದಿರಲಿ, ಒಂದು ಸಲ ಮಾತ್ರ ಹೊಸತಾಗಿರಲು ಸಾಧ್ಯ, ಮುಟ್ಟಬೇಡಿ ಎನ್ನುವ 'ಸರ್ವೈವರ್' ಪಂಥದವರು ಮೂರನೆಯವರು. ಮೂವರೂ ಸೇರಿ ಬೈಯುವುದು ಟ್ರೈಲರ್ ಮೇಲೆ ಹೇರಿಕೊಂಡು ಬಂದು, ಮೈದಾನದಲ್ಲಿ ಇಳಿಸಿ, ಹತ್ತಿಬಟ್ಟೆಯಲ್ಲಿ ಒರೆಸಿ, ಮತ್ತೆ ಹೇರಿಕೊಂಡು ಹೋಗುವ ಕಾರುಗಳನ್ನು. ಅವುಗಳಿಗೆ ಇಟ್ಟ ಹೆಸರು 'ಟ್ರೈಲರ್ ಕ್ವೀನ್'.

ಆಗಸ್ಟ್ ಬಿಸಿಲಿನಲ್ಲಿ ಆಮೆ ವೇಗದ ಮೆರವಣಿಗೆ ಅಂದರೆ ಹಳೇ ಎಂಜಿನ್ನಿಗೆ ಅಗ್ನಿಪರೀಕ್ಷೆ. ಗಾಳಿ ಆಡುವುದಿಲ್ಲ, ರೇಡಿಯೇಟರ್ ಕುದಿಯುತ್ತದೆ. ಪೆಟ್ರೋಲು ಕಾರ್ಬೊರೇಟರ್ ತಲುಪುವ ಮೊದಲೇ ಪೈಪಿನಲ್ಲಿ ಆವಿಯಾಗುತ್ತದೆ, ಪಂಪಿಗೆ ಎಳೆಯಲು ದ್ರವವೇ ಸಿಗದೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ಅಮೆರಿಕದ ಹಳೇ ಡ್ರೈವರುಗಳ ಮನೆಮದ್ದು ಒಂದಿದೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಪೆಟ್ರೋಲ್ ಪೈಪಿಗೆ ಸಾಲಾಗಿ ಕಚ್ಚಿಸುವುದು! ಮರ ಬಿಸಿ ಹೀರುತ್ತದಂತೆ. ಭೌತವಿಜ್ಞಾನ ಬಲ್ಲವರು ತಲೆ ಚಚ್ಚಿಕೊಳ್ಳುತ್ತಾರೆ. ಆದರೂ ಫಳಫಳ ಕ್ರೋಮ್ ಹೊಡೆಸಿದ ಎಂಜಿನ್ನಿನ ಮೇಲೆ ಆರೆಂಟು ಮರದ ಕ್ಲಿಪ್ಪು ಕಂಡರೆ ಆಶ್ಚರ್ಯಪಡಬೇಡಿ. ಕೆಲಸ ಮಾಡುತ್ತದೋ ಎಂದು ಕೇಳಿದರೆ ಒಬ್ಬೊಬ್ಬರದೂ ಒಂದೊಂದು ಪ್ರಮಾಣ.

ಬಾನೆಟ್ ಸುತ್ತಲಿನ ಇನ್ನೊಂದು ಪಟ್ಟಾಂಗ 1957ರ ಶೆವರ್ಲೆಯದು. 1955, 56, 57ರ ಮೂರು ಮಾದರಿಗಳನ್ನು ಸೇರಿಸಿ 'ಟ್ರೈ-ಫೈವ್' ಅನ್ನುತ್ತಾರೆ. ಅದರಲ್ಲಿ 57ರ ಬೆಲ್ ಏರ್‌ಗೆ ಪಟ್ಟದ ಸ್ಥಾನ. ಐವತ್ತರ ದಶಕದ ಅಮೆರಿಕ ಅಂದರೆ ಕ್ಯಾಲೆಂಡರಿನಲ್ಲಿ, ಸಿನಿಮಾದಲ್ಲಿ, ಟಿ-ಶರ್ಟಿನ ಮೇಲೆ ಅದೇ ಕಾರು. ಎಲ್ಲರ ಅಪ್ಪನ ಹತ್ತಿರವೂ ಇದ್ದಂತೆ ಮಾತಾಡುತ್ತಾರೆ. ತಮಾಷೆಯೆಂದರೆ ಆ ಮಾದರಿ ವರ್ಷ ಮಾರಾಟದಲ್ಲಿ ಗೆದ್ದದ್ದು ಶೆವರ್ಲೆ ಅಲ್ಲ, ಫೋರ್ಡ್. ಎಷ್ಟೋ ಅಪ್ಪಂದಿರು ನಿಜಕ್ಕೂ ಫೋರ್ಡ್ ಓಡಿಸುತ್ತಿದ್ದರು.

ಬಾಕ್ಸ್: ರೆಕ್ಕೆ ಬಂದದ್ದು ವಿಮಾನದಿಂದ

ಅಮೆರಿಕನ್ ಕಾರಿನ ಹಿಂಬದಿಯ ರೆಕ್ಕೆಗೆ ಮೂಲ ಎರಡನೇ ಮಹಾಯುದ್ಧದ ಲಾಕ್‌ಹೀಡ್ ಪಿ-38 ಯುದ್ಧವಿಮಾನ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲೆ ಅರ್ಲ್ ಅದರ ಜೋಡಿ ಬಾಲ ನೋಡಿ ಮರುಳಾದರು. 1948ರ ಕ್ಯಾಡಿಲಾಕ್‌ನಲ್ಲಿ ಸಣ್ಣ ಉಬ್ಬಾಗಿ ಮೂಡಿದ ರೆಕ್ಕೆ 1959ರ ಕ್ಯಾಡಿಲಾಕ್‌ನಲ್ಲಿ ಆಕಾಶಕ್ಕೇ ಚಾಚಿತ್ತು. ಓಟಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ!

ಹಳೇ ಉಕ್ಕು, ಗಟ್ಟಿ ಉಕ್ಕು?

"ಆಗಿನ ಕಾರು ಗಟ್ಟಿ ಸ್ವಾಮಿ, ಈಗಿನದೆಲ್ಲ ಡಬ್ಬಿ" ಎಂಬ ಮಾತು ನಮ್ಮೂರಿನ ಗ್ಯಾರೇಜಿನಲ್ಲೂ ಕೇಳುತ್ತದೆ, ಡೆಟ್ರಾಯ್ಟ್‌ನಲ್ಲೂ ಕೇಳುತ್ತದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ ತನ್ನ ಐವತ್ತನೇ ವರ್ಷಕ್ಕೆ ಈ ಮಾತನ್ನೇ ಪರೀಕ್ಷೆಗೆ ಇಟ್ಟಿತು. 1959ರ ಶೆವರ್ಲೆ ಬೆಲ್ ಏರ್, 2009ರ ಶೆವರ್ಲೆ ಮಾಲಿಬು. ಎರಡನ್ನೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರೆದುರು, ಚಾಲಕನ ಬದಿಗೆ ಬೀಳುವಂತೆ ಗುದ್ದಿಸಿದರು.

ಬೆಲ್ ಏರ್‌ನ ಮುಂಭಾಗ ಮಡಚಿಕೊಂಡು ಚಾಲಕನ ಜಾಗಕ್ಕೇ ನುಗ್ಗಿತು. ಮುಂದಿನ ಗಾಜು ಹಾರಿಹೋಯಿತು. ಸ್ಟೀರಿಂಗ್ ಚಾಲಕನ ಜಾಗದಲ್ಲಿ ಕೂರಿಸಿದ್ದ ಬೊಂಬೆಯ ಕಡೆಗೆ ಬಂತು. ಒಳಗೆ ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗಾದರೆ ಕಾಲಿಗೆ ಸಣ್ಣ ಪೆಟ್ಟಷ್ಟೇ ಆಗುತ್ತಿತ್ತು.

ಹಳೇ ಕಾರಿನ ಅಭಿಮಾನಿಗಳು ಕೆರಳಿದರು. ಆ ಬೆಲ್ ಏರ್‌ಗೆ ಎಂಜಿನ್ನೇ ಇರಲಿಲ್ಲ ಅಂದರು. ಇತ್ತು, ಆರು ಸಿಲಿಂಡರಿನದು. ಗುದ್ದಿದಾಗ ಎದ್ದ ಕಂದು ಮೋಡ ತುಕ್ಕಿನದು, ಅಂದರೆ ಕಾರು ಒಳಗೊಳಗೇ ಕೊಳೆತಿತ್ತು ಅಂದರು. ಅದು ಬಾಡಿಯ ಸಂದಿಯಲ್ಲಿ ಕೂತ ರಸ್ತೆ ಧೂಳು ಎಂದು ಸಂಸ್ಥೆ ಹೇಳಿತು. ಕಡೆಗೆ ಉಳಿದದ್ದು ಒಂದೇ ದೂರು: ಅಷ್ಟು ಚೆಂದದ ಕಾರನ್ನು ಹಾಳುಮಾಡಿದಿರಲ್ಲ! ಈ ಕೊನೇ ದೂರು ಮಾತ್ರ ನನಗೂ ನ್ಯಾಯವೆನಿಸುತ್ತದೆ.

ಉಳಿದ ವಿಷಯದಲ್ಲಿ ಅಂಕಿ ನಿಷ್ಠುರ. 1972ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 54 ಸಾವಿರಕ್ಕೂ ಹೆಚ್ಚು. ಓಡಾಟ ಎರಡೂವರೆ ಪಟ್ಟು ಬೆಳೆದ ಮೇಲೆ, 2019ರಲ್ಲಿ 36 ಸಾವಿರದ ಆಸುಪಾಸು. ಸೀಟ್ ಬೆಲ್ಟ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದೇ 1968ರ ಮಾದರಿಗಳಿಂದ. ಜಿಟಿಒ ಓಡುವುದನ್ನು ಹೊಗಳುವವರು ಅದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇಟ್ಟುಕೊಂಡು ನಿಲ್ಲುತ್ತಿದ್ದ ಪರಿಯನ್ನು ಯಾಕೋ ನೆನಪಿಸಿಕೊಳ್ಳುವುದಿಲ್ಲ.

ನೆಲಮಾಳಿಗೆಯ ರಾಜಕುಮಾರಿ

ಇನ್ನು ಕಾರನ್ನು ಮುಚ್ಚಿಟ್ಟು ಕಾಪಾಡುವವರ ಕಥೆ.

ಒಕ್ಲಹೋಮ ರಾಜ್ಯಕ್ಕೆ ಐವತ್ತು ತುಂಬಿದಾಗ, 1957ರ ಜೂನ್ 15ರಂದು, ಟಲ್ಸಾ ನಗರದವರು ನ್ಯಾಯಾಲಯದ ಮುಂದಿನ ಹುಲ್ಲುಹಾಸಿನ ಕೆಳಗೆ ಒಂದು ಹೊಚ್ಚ ಹೊಸ ಕಾರು ಹೂತರು. ಪ್ಲಿಮತ್ ಬೆಲ್ವಡೀರ್. ಹೊನ್ನಿನ ಬಣ್ಣಕ್ಕೆ ಬಿಳಿಯ ಜೋಡಿ, ಎತ್ತರದ ರೆಕ್ಕೆ. ಗ್ರೀಸಿನಂಥ ರಕ್ಷಕ ಲೇಪ ಬಳಿದು, ಪ್ಲಾಸ್ಟಿಕ್ ಹೊದಿಸಿ, ಅಣುಬಾಂಬಿಗೂ ಜಗ್ಗದು ಎಂದು ಹೇಳಿಕೊಂಡ ಕಾಂಕ್ರೀಟ್ ಕೋಣೆಯಲ್ಲಿಟ್ಟು ಮುಚ್ಚಿದರು. ಜೊತೆಗೆ ಪೆಟ್ರೋಲಿನ ಡಬ್ಬಿ. 2007ರ ಹೊತ್ತಿಗೆ ಪೆಟ್ರೋಲು ಓಡಿಸುವ ಕಾರೇ ಇರದೆ ಹೋದರೆ? ಒಂದು ಪೆಟ್ಟಿಗೆ ಬಿಯರ್. ಮಹಿಳೆಯೊಬ್ಬಳ ಪರ್ಸಿನಲ್ಲಿರುವ ವಸ್ತುಗಳು: ಲಿಪ್‌ಸ್ಟಿಕ್, ಹೇರ್‌ಪಿನ್, ಚೂಯಿಂಗ್ ಗಮ್, ನೆಮ್ಮದಿಯ ಮಾತ್ರೆ. ಐವತ್ತು ವರ್ಷ ಕಳೆದು ಊರಿನ ಜನಸಂಖ್ಯೆ ಎಷ್ಟಾಗಬಹುದೆಂದು ಅತಿ ಹತ್ತಿರ ಊಹಿಸಿದವರಿಗೆ ಕಾರು ಬಹುಮಾನ.

2007ರ ಜೂನ್ ಬಂತು. ಊರಿಗೆ ಊರೇ ನೆರೆದಿತ್ತು. ಹೊರದೇಶಗಳಿಂದ ಕ್ಯಾಮೆರಾ ಬಂದಿದ್ದವು. ಎಂಜಿನ್ ಚಾಲೂ ಮಾಡಿ ತೋರಿಸಲು ಹಳೇ ಕಾರುಗಳನ್ನು ಮಾರ್ಪಡಿಸುವ ಹಾಟ್‌ರಾಡ್ ಲೋಕದ ದೊಡ್ಡ ಹೆಸರು ಬಾಯ್ಡ್ ಕಾಡಿಂಗ್ಟನ್ ಸಿದ್ಧರಾಗಿ ನಿಂತಿದ್ದರು. ಕಾಂಕ್ರೀಟ್ ಮುಚ್ಚಳ ತೆಗೆದರೆ ಒಳಗೆ ನೀರು! ಅಣುಬಾಂಬಿನ ಲೆಕ್ಕ ಹಾಕಿದವರಿಗೆ ನೀರಿನ ಲೆಕ್ಕ ತಪ್ಪಿತ್ತು. ಕ್ರೇನ್ ಎತ್ತಿ, ಹೊದಿಕೆ ಬಿಚ್ಚಿದಾಗ ಕಂಡದ್ದು ಕೆಸರು ಮೆತ್ತಿದ, ಮುಟ್ಟಿದರೆ ಉದುರುವ ತುಕ್ಕಿನ ಗುಡ್ಡೆ. ಸೀಟುಗಳು ಕರಗಿಹೋಗಿದ್ದವು. ಎಂಜಿನ್ ಚಾಲೂ ಮಾಡುವ ಮಾತೇ ಬರಲಿಲ್ಲ.

ಬಹುಮಾನ ಗೆದ್ದವರು ಆ ಹೊತ್ತಿಗೆ ತೀರಿಕೊಂಡಿದ್ದರು. ಕಾರು ಅವರ ವೃದ್ಧ ಸಹೋದರಿಯರ ಪಾಲಾಯಿತು. ವರ್ಷಗಟ್ಟಲೆ ತುಕ್ಕು ತೊಳೆದು, ಕಡೆಗೆ ಇಲಿನಾಯ್ ರಾಜ್ಯದ ರಾಸ್ಕೋ ಎಂಬಲ್ಲಿನ ಮ್ಯೂಸಿಯಂ ಸೇರಿತು. ಕಾರುಪ್ರೇಮಿಗಳು ಇದನ್ನು 'ಮಿಸ್ ಬೆಲ್ವಡೀರ್' ಅನ್ನುತ್ತಾರೆ. ಪ್ಲಿಮತ್‌ನ ಮಾತೃಸಂಸ್ಥೆ ಕ್ರೈಸ್ಲರ್‌ನ ಕಾರುಗಳನ್ನು ಬಲ್ಲವರಿಗೆ ಇದರಲ್ಲಿ ಇನ್ನೊಂದು ನಗುವಿದೆ. 57ರ ಮಾದರಿಗಳನ್ನು ಅವಸರದಲ್ಲಿ ಮಾರುಕಟ್ಟೆಗೆ ತಂದ ಕ್ರೈಸ್ಲರ್‌ನ ಕಾರುಗಳು ನೀರು ಸೋರುವುದಕ್ಕೂ ತುಕ್ಕು ಹಿಡಿಯುವುದಕ್ಕೂ ಆಗಲೇ ಕುಖ್ಯಾತ. ಹೂಳದೆ ಮನೆ ಮುಂದೆ ನಿಲ್ಲಿಸಿದ್ದರೂ ಗತಿ ಇಷ್ಟೇ ಆಗುತ್ತಿತ್ತು ಅನ್ನುತ್ತಾರೆ.

ಟಲ್ಸಾದವರಿಗೆ ಬುದ್ಧಿ ಬಂತೇ? 1957ರದು ಹೊರಬರುವ ಮೊದಲೇ, 1998ರಲ್ಲಿ ಅವರು ಇನ್ನೊಂದು ಪ್ಲಿಮತ್ತನ್ನು, ಪ್ರೌಲರ್ ಮಾದರಿಯದನ್ನು, 2048ರಲ್ಲಿ ತೆರೆಯಲೆಂದು ಮುಚ್ಚಿಟ್ಟಿದ್ದರು. ಪುಣ್ಯಕ್ಕೆ ಈ ಸಲ ನೆಲದ ಮೇಲೆ. 2001ರಲ್ಲಿ ಪ್ಲಿಮತ್ ಎಂಬ ಬ್ರ್ಯಾಂಡ್ ಹೆಸರೇ ಇಲ್ಲವಾಯಿತು.

ಬಾಕ್ಸ್: ಬೆಂಗಳೂರಿಗೆ ಬರಬೇಕಿದ್ದ ಕ್ರೈಸ್ಲರ್

ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಅದನ್ನು ಹೆಗಲಿಗೇರಿಸಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕಾರಿನ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್ ಮರಳುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಗಿ, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದದ್ದು ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್! ಕಾರು ಬೊಂಬಾಯಿ ಪಾಲಾಯಿತು. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸಿತು. ನಮ್ಮ ಹಿರಿಯರು ಹತ್ತಿದ ಎಷ್ಟೋ ಡಾಡ್ಜ್‌ಗಳು ಅಲ್ಲಿನವು.

ಗೆದ್ದು ಮಾಯವಾಗುತ್ತಿದ್ದ ಕರಿಕಾರು

ಈಗ ಇನ್ನೊಂದು ಕ್ರೈಸ್ಲರ್ ಕಂಪನಿಯ ಕಾರು. 1970ರ ಡಾಡ್ಜ್ ಚಾಲೆಂಜರ್. ಕಪ್ಪು ಬಣ್ಣ, ಮೊಸಳೆ ಚರ್ಮದ ಗೆರೆಯ ವಿನೈಲ್ ಚಾವಣಿ, ಹಿಂಭಾಗಕ್ಕೆ ಬಿಳಿ ಪಟ್ಟೆ, ಒಳಗೆ 426 ಘನ ಇಂಚಿನ ಹೆಮಿ ಎಂಜಿನ್, ನಾಲ್ಕು ಗೇರು.

ಎಪ್ಪತ್ತರ ದಶಕದ ಆರಂಭದಲ್ಲಿ ಡೆಟ್ರಾಯ್ಟ್‌ನ ಬೀದಿ ರೇಸುಗಳಿಗೆ ಇದು ಎಲ್ಲಿಂದಲೋ ಬರುತ್ತಿತ್ತು. ಎದುರಾಳಿಯನ್ನು ಮಣ್ಣುಮುಕ್ಕಿಸಿ ಕತ್ತಲಲ್ಲಿ ಮಾಯವಾಗುತ್ತಿತ್ತು. ಚಾಲಕ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಜನ ಅದನ್ನು 'ಬ್ಲ್ಯಾಕ್ ಗೋಸ್ಟ್' ಎಂದು ಕರೆದರು. ಒಡೆಯ ಮುಖ ಮರೆಸಿಕೊಳ್ಳಲು ಕಾರಣವಿತ್ತು. ಬೀದಿ ರೇಸು ಅಪರಾಧ. ಆತ ಡೆಟ್ರಾಯ್ಟ್ ನಗರದ ಟ್ರಾಫಿಕ್ ಪೊಲೀಸ್! ಹೆಸರು ಗಾಡ್‌ಫ್ರಿ ಕ್ವಾಲ್ಸ್.

ಕ್ವಾಲ್ಸ್ ಕಪ್ಪುಜನಾಂಗದವರು. ವುಡ್‌ವರ್ಡ್‌ನ ನೆನಪುಗಳಲ್ಲಿ ಈ ಮಾತು ಸಾಮಾನ್ಯವಾಗಿ ಬರುವುದಿಲ್ಲ. ಡ್ರೀಮ್ ಕ್ರೂಸ್‌ನ ಅಧಿಕೃತ ದಾರಿ ಶುರುವಾಗುವುದು ಡೆಟ್ರಾಯ್ಟ್‌ನಲ್ಲಲ್ಲ, ಏಟ್ ಮೈಲ್ ರಸ್ತೆಯಾಚೆಯ ಉಪನಗರಗಳಲ್ಲಿ. ಆ ರಸ್ತೆಯ ಆಚೆಗೆ ಬಿಳಿಯರು, ಈಚೆಗೆ ಕರಿಯರು ಎಂಬುದು ದಶಕಗಳ ಕಾಲ ಊರಿಗೇ ಗೊತ್ತಿದ್ದ ಗಡಿ. 1967ರ ಬೇಸಿಗೆಯ ಜನಾಂಗೀಯ ಗಲಭೆಯಲ್ಲಿ ನಗರ ಹೊತ್ತಿ ಉರಿಯಿತು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯ್ಟ್ ಜನಸಂಖ್ಯೆ 2020ರಲ್ಲಿ 6 ಲಕ್ಷ 39 ಸಾವಿರ. ಕಾರು ಕಟ್ಟಿದ ಕೈಗಳಲ್ಲಿ ದೊಡ್ಡ ಪಾಲು ಗಡಿಯ ಈಚಿನದು, ಸಂಭ್ರಮದ ಕುರ್ಚಿಗಳು ಹೆಚ್ಚಾಗಿ ಆಚಿನವು. ಬ್ಲ್ಯಾಕ್ ಗೋಸ್ಟ್ ಕಥೆ ಇಷ್ಟು ಜನರಿಗೆ ಹಿಡಿಸಿದ್ದರಲ್ಲಿ, ಅದು ಆ ಗಡಿಯನ್ನು ಲೆಕ್ಕಿಸದೆ ಓಡಿದ್ದೂ ಸೇರಿದೆ ಅಂತ ನನ್ನ ಅಂದಾಜು.

ಎಪ್ಪತ್ತರ ದಶಕದ ನಡುವಿಗೆ ಬೀದಿ ರೇಸಿನ ಮೋಜಿಗೆ ತೆರೆ ಬಿತ್ತು. ಹೊಗೆಯ ಕಾನೂನು ಬಂತು, ವಿಮೆ ದುಬಾರಿಯಾಯಿತು, 1973ರ ಅಕ್ಟೋಬರ್‌ನಲ್ಲಿ ಅರಬರು ತೈಲ ನಿಲ್ಲಿಸಿದರು. ಗ್ಯಾಲನ್ ಕುಡಿದು ಹತ್ತು ಹನ್ನೆರಡು ಮೈಲಿ ಓಡುವ ಕಾರು ಯಾರಿಗೆ ಬೇಕು? ಚಾಲೆಂಜರ್ ಗ್ಯಾರೇಜು ಸೇರಿ ದಶಕಗಳ ಕಾಲ ಧೂಳು ತಿಂದಿತು. ಕ್ವಾಲ್ಸ್ 2015ರಲ್ಲಿ ತೀರಿಕೊಳ್ಳುವಾಗ ಕಾರನ್ನು ಮಗನಿಗೆ ಬಿಟ್ಟು, ಮಾರಬೇಡ ಅಂದಿದ್ದರು. ಮಗ ಅದನ್ನು ಮತ್ತೆ ಓಡುವಂತೆ ಮಾಡಿದ. ಹೊಸ ಬಣ್ಣ ಹೊಡೆಸಲಿಲ್ಲ. ಗೀರು, ಮಾಸಲು, ಸವೆದ ಸೀಟು ಎಲ್ಲ ಹಾಗೇ ಇಟ್ಟ. 2020ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ನೋಂದಣಿಗೆ ಅದು ಸೇರಿತು.

2023ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ ಹರಾಜಿನಲ್ಲಿ ಸುತ್ತಿಗೆ ಬಿದ್ದದ್ದು 9,75,000 ಡಾಲರಿಗೆ. ಹರಾಜಿನ ಶುಲ್ಕ ಸೇರಿ 10 ಲಕ್ಷ 72 ಸಾವಿರ. ಅಣುಬಾಂಬಿಗೂ ಜಗ್ಗದ ಕೋಣೆಯೆಂದು ಹೂತಿಟ್ಟದ್ದು ತುಕ್ಕಾಯಿತು. ಪೊಲೀಸಪ್ಪ ಕದ್ದು ಓಡಿಸಿ, ಗೀರು ಬೀಳಿಸಿ, ಟೈರು ಸುಟ್ಟದ್ದು ಕೋಟಿಗಳ ಬೆಲೆಗೆ ಹೋಯಿತು.

ಅಪ್ಪನ ಮಾತು ಮೀರಿ ಮಗ ಮಾರಬಹುದಿತ್ತೇ? ಇದೂ ಅಭಿಮಾನಿಗಳ ನಡುವೆ ಇನ್ನೂ ತಣ್ಣಗಾಗದ ವಾದ. ಮನೆಯವರ ಭವಿಷ್ಯ ನೋಡಬೇಡವೇ ಅನ್ನುವವರು ಕೆಲವರು. ದುಡ್ಡಿಗೆ ಇನ್ನೊಂದು ದಾರಿ ಸಿಗುತ್ತದೆ, ಅಪ್ಪನ ಕಾರು ಸಿಗುವುದಿಲ್ಲ ಅನ್ನುವವರು ಉಳಿದವರು. ಈ ಎರಡನೇ ಮಾತು ಆಡುವವರಲ್ಲಿ ಎಷ್ಟು ಜನ 10 ಲಕ್ಷ ಡಾಲರಿನ ಚೀಟಿ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಾರು ಎಂಬುದನ್ನು ಪರೀಕ್ಷಿಸುವ ಅವಕಾಶ ಯಾರಿಗೂ ಸಿಕ್ಕಿಲ್ಲ.

ಸ್ಪೀಕರಿನ ಗುಡುಗು

ಅದೇ 2023ರಲ್ಲಿ ಡಾಡ್ಜ್ ಕಂಪನಿ ಬ್ಲ್ಯಾಕ್ ಗೋಸ್ಟ್ ಹೆಸರಿನಲ್ಲೇ 300 ಹೊಸ ಚಾಲೆಂಜರ್ ಮಾಡಿ ಮಾರಿತು. ಅದೇ ಕಪ್ಪು, ಹಿಂದೆ ಅದೇ ಬಿಳಿ ಪಟ್ಟೆ. ವರ್ಷದ ಕೊನೆಗೆ ಎಂಟು ಸಿಲಿಂಡರಿನ ಚಾಲೆಂಜರ್ ತಯಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಬಂದದ್ದು ಬ್ಯಾಟರಿಯ ಚಾರ್ಜರ್ ಡೇಟೋನಾ. ಹಳೇ ಮಸಲ್ ಕಾರುಗಳನ್ನೆಲ್ಲ ಹಿಂದೆ ಹಾಕುವ ವೇಗ. ಆದರೆ ಸದ್ದಿಲ್ಲ. ಸದ್ದಿಲ್ಲದ ಡಾಡ್ಜ್ ಯಾರು ಕೊಳ್ಳುತ್ತಾರೆ ಎಂದು ಕಂಪನಿಯೇ ಅದಕ್ಕೊಂದು ಕೃತಕ ಗುಡುಗು ಕೂರಿಸಿತು. ಸೈಲೆನ್ಸರ್ ಇಲ್ಲದ ಕಾರಿಗೆ ಸೈಲೆನ್ಸರಿನ ಶಬ್ದ!

ನಕ್ಕವರೇ ಹೆಚ್ಚು, ಕೊಂಡವರು ಕಡಿಮೆ. ಪೆಟ್ರೋಲ್ ಎಂಜಿನ್ ಚಾರ್ಜರ್‌ಗೆ ವಾಪಸ್ ಬಂದಿದೆ, ಆರು ಸಿಲಿಂಡರಿನದು. ಹಳಬರು ಅದಕ್ಕೂ ತಕರಾರು ತೆಗೆದಿದ್ದಾರೆ: ಇನ್ನೆರಡು ಎಲ್ಲಿ?